ಪಕ್ಕದಲ್ಲಿ ನಿಂತವರು

ಹೊಂಗನೂರಿನಲ್ಲಿ ಕುರುಕ್ಷೇತ್ರ ನಾಟಕ ಮುಗಿಯುವಷ್ಟರಲ್ಲಿ ಬೆಳಕು ಹರಿದಿತ್ತು. ತೊಡೆ ಮುರಿಸಿಕೊಂಡು ಬಿದ್ದ ದುರ್ಯೋಧನ ಮಲಗಿದಲ್ಲಿಂದಲೇ ಕೊನೆಯ ಹಾಡು ಹಾಡಿದ. ಜನ 'ಒನ್ಸ್ ಮೋರ್' ಎಂದು ಕೂಗಿದರು. ತೊಡೆ ಮುರಿದವನು ಎದ್ದು ಕುಳಿತು ಅದನ್ನೇ ಇನ್ನೊಮ್ಮೆ ಹಾಡಿ, ಮತ್ತೆ ಮಲಗಿ ಸತ್ತ. ಪಟ್ಟಣದ ಹವ್ಯಾಸಿ ನಾಟಕ ನೋಡಿ ಬೆಳೆದವರಿಗೆ ಇದು ನಗು ತರಿಸಬಹುದು. ನಮಗೆ ನಗು ಬರಲಿಲ್ಲ. ಇಡೀ ರಾತ್ರಿ ಅವನ ದರ್ಪವನ್ನು ನೋಡಿ ಬೇಸತ್ತಿದ್ದ ನಮ್ಮ ಗಂಟಲೂ ಆಗ ಕಟ್ಟಿತ್ತು. ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರೊಬ್ಬರು ಬೀಡಿ ಹಚ್ಚುತ್ತಾ, "ಏನ್ ಮಾಡಕಾಯ್ತದೆ ಸಾಬ್ರೇ, ಅವನ ಹಣೇಲಿ ಹಂಗೇ ಬರ್ದಿತ್ತು" ಎಂದರು.

ಚನ್ನಪಟ್ಟಣಕ್ಕೆ ಬಸ್ಸು ಹಿಡಿಯಲು ನಡೆಯುವಾಗ ಈ ಮಾತು ನಮ್ಮ ಜೊತೆಗೇ ಬಂತು. ಹಣೆಬರಹ, ವಿಧಿ, ನಸೀಬು, ತಕ್ದೀರ್ - ನಮ್ಮ ಮನೆಯ ಭಾಷೆಯಲ್ಲೂ ನೆರೆಯವರ ಭಾಷೆಯಲ್ಲೂ ಇದಕ್ಕೆ ಪದಗಳಿಗೇನೂ ಕೊರತೆಯಿಲ್ಲ. ಆದರೆ ಆ ರಾತ್ರಿ ರಂಗದ ಮೇಲೆ ನಾವು ಕಂಡದ್ದು ಹಣೆಬರಹವೇ? ಹಾಗಿದ್ದರೆ ದುರ್ಯೋಧನನ ಸುತ್ತ ಅಷ್ಟೊಂದು ಜನರನ್ನು ಏಕೆ ನಿಲ್ಲಿಸಬೇಕಿತ್ತು? ಹಣೆಬರಹದ ಕತೆ ಹೇಳಲು ಒಬ್ಬನೇ ಸಾಕು.

ನಮ್ಮ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವ ಬಗೆಯನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಇಲ್ಲಿ ನಟನಿಗೆ ಯಾರೂ ಹಣ ಕೊಡುವುದಿಲ್ಲ, ನಟನೇ ಹಣ ಕೊಟ್ಟು ಪಾತ್ರ ಪಡೆಯುತ್ತಾನೆ. ಸೀನರಿ, ಡ್ರೆಸ್ಸು, ಸ್ತ್ರೀಪಾತ್ರದವರ ಸಂಭಾವನೆ, ಹಾರ್ಮೋನಿಯಂ ಮೇಷ್ಟ್ರ ಗೌರವಧನ ಎಲ್ಲವೂ ಆ ಹಣದಿಂದಲೇ ನಡೆಯಬೇಕು. ಕೃಷ್ಣ ಮತ್ತು ದುರ್ಯೋಧನರಿಗೆ ಹೆಚ್ಚಿನ ದರ. ಕೃಷ್ಣನಿಗೆ ಬೇಡಿಕೆ ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಒಂದೇ ರಾತ್ರಿಯಲ್ಲಿ ಇಬ್ಬರು ಮೂವರಿಗೆ ಹಂಚುವುದೂ ಉಂಟು. ವಿದುರನಿಗೆ ಅಂಥ ಪೈಪೋಟಿ ಇರುವುದಿಲ್ಲ. ವಿಕರ್ಣನ ಪಾತ್ರ ಇದ್ದರೆ ಒಂದೆರಡು ಮಾತು, ಇಲ್ಲದಿದ್ದರೆ ಅದೂ ಇಲ್ಲ. ಗುಬ್ಬಿ ಕಂಪನಿಗಾಗಿ ಬಿ. ಪುಟ್ಟಸ್ವಾಮಯ್ಯನವರು ಬರೆದ 'ಕುರುಕ್ಷೇತ್ರ' 1930ರ ದಶಕದಲ್ಲಿ ಆನೆ ಕುದುರೆಗಳ ಸಮೇತ ರಂಗಕ್ಕೆ ಬಂದ ಮೇಲೆ ಈ ಕತೆ ಹಳ್ಳಿಹಳ್ಳಿಗೆ ಹರಡಿತು. ಹರಡುತ್ತಾ ಹಾಡುಗಳು ಸೇರಿಕೊಂಡವು, ಹಾಸ್ಯ ಸೇರಿತು. ಹಾಡಲು ಬಾರದ ಸಣ್ಣ ಪಾತ್ರಗಳು ಮಾತ್ರ ಸವೆಯುತ್ತಾ ಹೋದವು.

ಸವೆದುಹೋದ ಈ ಸಣ್ಣವರಿಂದಲೇ ದೊಡ್ಡವನು ಯಾರೆಂದು ನಮಗೆ ತಿಳಿಯುವುದು ಎಂಬುದು ನಮ್ಮ ವಾದ.

ಇಂಗ್ಲಿಷ್ ವಿಮರ್ಶೆಯಲ್ಲಿ ಇಂಥ ಪಾತ್ರಕ್ಕೆ 'ಫಾಯಿಲ್' ಎನ್ನುತ್ತಾರೆ. ಅದು ಅಕ್ಕಸಾಲಿಗರ ಮಾತು. ಕಲ್ಲನ್ನು ಉಂಗುರಕ್ಕೆ ಕೂರಿಸುವಾಗ ಅದರ ಹೊಳಪು ಹೆಚ್ಚಲೆಂದು ಅಡಿಯಲ್ಲಿ ತೆಳುವಾದ ಲೋಹದ ಹಾಳೆಯನ್ನು ಇಡುತ್ತಿದ್ದರು. ಉರ್ದುವಿನಲ್ಲಿ ಅದಕ್ಕೆ 'ಡಾಂಕ್' ಎಂಬ ಹೆಸರಿದೆ. ಹಾಳೆ ಕಾಣುವುದಿಲ್ಲ, ಕಲ್ಲು ಕಾಣುತ್ತದೆ. ನಾಟಕದಲ್ಲಿ ಇದನ್ನು ಕರಿಯ ಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣ ಎಂಬಂತೆ ಅರ್ಥ ಮಾಡಿಕೊಂಡವರೇ ಹೆಚ್ಚು. ಒಳ್ಳೆಯವನ ಪಕ್ಕ ಕೆಟ್ಟವನು, ಧೀರನ ಪಕ್ಕ ಹೇಡಿ, ಹೀಗೆ. ಇದು ನಮಗೆ ಒಪ್ಪಿಗೆಯಿಲ್ಲ. ತೀರಾ ವಿರುದ್ಧವಾದವನು ನಾಯಕನ ಬಗ್ಗೆ ಏನನ್ನೂ ಹೇಳಲಾರ. ಭೀಮನನ್ನು ನೋಡಿ ದುರ್ಯೋಧನನನ್ನು ತಿಳಿಯಲಾಗದು. ಅವನು ಬೇರೆ ಮನೆಯವನು, ಅವನ ಹಸಿವು ಬೇರೆ, ಅವನು ಉಂಡ ಅವಮಾನ ಬೇರೆ. ತಿಳಿಯಬೇಕಾದರೆ ಅದೇ ಮನೆಯಲ್ಲಿ, ಅದೇ ಅನ್ನ ಉಂಡು ಬೆಳೆದವನನ್ನು ನೋಡಬೇಕು.

ವಿಕರ್ಣ ಅಂಥವನು. ನೂರು ಮಂದಿಯಲ್ಲಿ ಒಬ್ಬ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಭೀಷ್ಮ ದ್ರೋಣರೇ ತಲೆತಗ್ಗಿಸಿ ಕುಳಿತಿದ್ದರು. ಆಗ ಎದ್ದು ನಿಂತು, ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಹಕ್ಕು ಎಲ್ಲಿಯದು ಎಂದು ಕೇಳಿದವನು ಇವನು. ಕರ್ಣ ಅವನನ್ನು ಹುಡುಗನೆಂದು ಗದರಿ ಕೂರಿಸಿದ. ಯುದ್ಧ ಬಂದಾಗ ಈ ವಿಕರ್ಣ ಅಣ್ಣನ ಕಡೆಯೇ ನಿಂತು ಭೀಮನ ಕೈಯಲ್ಲಿ ಸತ್ತ. ಕೊಂದ ಭೀಮನೂ ಮರುಗಿದ. ಇನ್ನೊಬ್ಬ ಯುಯುತ್ಸು. ಅವನೂ ಧೃತರಾಷ್ಟ್ರನ ಮಗನೇ, ಆದರೆ ಗಾಂಧಾರಿಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ವೈಶ್ಯ ಸ್ತ್ರೀಯ ಮಗ. ಯುದ್ಧ ಆರಂಭವಾಗುವ ಮುನ್ನ, ನಮ್ಮ ಕಡೆಗೆ ಬರುವವರಿದ್ದರೆ ಬನ್ನಿ ಎಂದು ಧರ್ಮರಾಯ ಕರೆದಾಗ ಇವನೊಬ್ಬ ರಥ ತಿರುಗಿಸಿಕೊಂಡು ಆಚೆ ದಡಕ್ಕೆ ಹೋದ.

ಈಗ ಮೂವರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿ. ತಂದೆ ಒಬ್ಬ, ಅರಮನೆ ಒಂದು, ಕೇಳಿಸಿಕೊಂಡ ಬುದ್ಧಿಮಾತೂ ಒಂದೇ. ಒಬ್ಬ ಹಟ ಹಿಡಿದ. ಒಬ್ಬ ಬಾಯಿಬಿಟ್ಟು ಹೇಳಿದ, ಆದರೆ ಬಿಟ್ಟುಹೋಗಲಾರದೆ ಉಳಿದ. ಒಬ್ಬ ಬಿಟ್ಟುಹೋದ. ಹಣೆಬರಹವೇ ಎಲ್ಲವನ್ನೂ ಮಾಡುವುದಾದರೆ ಒಂದೇ ಮನೆಯಿಂದ ಮೂರು ದಾರಿ ಹೇಗೆ ಹೊರಟವು? ವಿಕರ್ಣನಿಲ್ಲದ ದುರ್ಯೋಧನ ಬರೀ ನತದೃಷ್ಟ. ವಿಕರ್ಣ ಪಕ್ಕದಲ್ಲಿ ನಿಂತ ಕೂಡಲೇ ಅವನು ಆರಿಸಿಕೊಂಡವನಾಗುತ್ತಾನೆ, ಹೊಣೆಗಾರನಾಗುತ್ತಾನೆ. ಅವನ ಬಗ್ಗೆ ಗಂಟಲು ಕಟ್ಟುವುದೂ ಅದಕ್ಕೇ. ಕಾಲು ಜಾರಿ ಬಾವಿಗೆ ಬಿದ್ದವನನ್ನು ಕಂಡು ಅಯ್ಯೋ ಎನ್ನುತ್ತೇವೆ. ಅಡಿಗಡಿಗೂ ಯಾರೋ ತೋಳು ಹಿಡಿದು ಎಳೆದರೂ ಕೊಸರಿಕೊಂಡು ಬಾವಿಯತ್ತ ನಡೆದವನನ್ನು ಕಂಡಾಗ ಆಗುವ ಸಂಕಟವೇ ಬೇರೆ.

ಪಕ್ಕದ ಪಾತ್ರಗಳು ನಾಯಕನನ್ನು ಸಣ್ಣವನಾಗಿ ಮಾತ್ರ ತೋರಿಸುತ್ತವೆ ಎಂದೇನೂ ಅಲ್ಲ. ರನ್ನನ 'ಗದಾಯುದ್ಧ' ನಾಟಕವಲ್ಲ, ಕಾವ್ಯ. ಆದರೆ ಅದರೊಳಗೆ ನಾಟಕವಿರುವುದನ್ನು ಕಂಡು ಬಿ.ಎಂ. ಶ್ರೀಯವರು 'ಗದಾಯುದ್ಧ ನಾಟಕಂ' ಎಂದು ಅದನ್ನು ಜೋಡಿಸಿಕೊಟ್ಟರು. ಗ್ರೀಕರ ಸೊಫೊಕ್ಲಿಸನ ಅಜಾಕ್ಸನನ್ನು 1929ರಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದವರೂ ಅವರೇ. ರನ್ನನ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಎಲ್ಲರೂ ಬಿದ್ದಿದ್ದಾರೆ. ಇವರ ನಡುವೆ ಶತ್ರುವಿನ ಮಗ ಅಭಿಮನ್ಯುವೂ ಬಿದ್ದಿದ್ದಾನೆ. ತನ್ನ ಮಗನಿಗಾಗಿ ಅಳುವವನು ಆ ಹುಡುಗನ ಮುಂದೆಯೂ ಕೈಮುಗಿದು ನಿಲ್ಲುತ್ತಾನೆ, ಅಂಥ ಸಾವು ತನಗೂ ಬರಲಿ ಎನ್ನುತ್ತಾನೆ. ಸತ್ತವರು ಏನೂ ಹೇಳದೆ ಬದುಕಿರುವವನ ಹಿರಿಮೆಯನ್ನು ತೆಗೆದು ತೋರಿಸುವ ಇಂಥ ಸನ್ನಿವೇಶ ಕನ್ನಡದಲ್ಲಿ ಇನ್ನೊಂದಿಲ್ಲವೆಂದು ನಮ್ಮ ಅನಿಸಿಕೆ. ಕೊನೆಗೆ ಭೀಷ್ಮನೂ ಸಂಧಿ ಮಾಡಿಕೋ ಎನ್ನುತ್ತಾನೆ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರೊಡನೆ ಎಂಥ ಸಂಧಿ ಎಂದು ಇವನು ಒಪ್ಪುವುದಿಲ್ಲ. ಹಟ ಮೊದಲಿನದೇ. ಆದರೆ ಈಗ ಅದರಲ್ಲಿ ಪ್ರೀತಿಯೂ ಬೆರೆತಿದೆ. ನೆಲಕ್ಕಾಗಿ ಶುರುವಾದದ್ದು ಸತ್ತವರಿಗಾಗಿ ಮುಗಿಯುತ್ತದೆ. ಕರ್ಣನ ಹೆಣ ಅಲ್ಲಿಲ್ಲದಿದ್ದರೆ ಈ ವ್ಯತ್ಯಾಸ ನಮಗೆ ಕಾಣುತ್ತಿತ್ತೇ?

ನಾವು ಉರ್ದು ಶಾಲೆಯಲ್ಲಿ ಓದು ಆರಂಭಿಸಿ ನಂತರ ಕನ್ನಡಕ್ಕೆ ಬಂದವರು. ಆದ್ದರಿಂದ ಯುಯುತ್ಸು ರಥ ತಿರುಗಿಸಿದ ಕತೆಯನ್ನು ಮೊದಲ ಸಲ ಓದಿದಾಗ ಇದನ್ನು ಮೊದಲೇ ಕೇಳಿದ್ದೇವೆ ಅನ್ನಿಸಿತ್ತು. ಹೌದು, ಕೇಳಿದ್ದೆವು. ಹಿಜರಿ 61ರ ಮೊಹರಂ ಹತ್ತರ ಬೆಳಿಗ್ಗೆ, ಅಂದರೆ ಕ್ರಿ.ಶ. 680ರಲ್ಲಿ, ಕರ್ಬಲಾದಲ್ಲಿ ಕುದುರೆ ತಿರುಗಿಸಿದ ಹುರ್ರ್‌ನ ಕತೆ. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು, ಉತ್ತರ ಕರ್ನಾಟಕದಲ್ಲಿ ಅಲಾವಿ ಹಬ್ಬವೆಂದು ಜಾತಿಭೇದವಿಲ್ಲದೆ ಜನ ನೆನೆದುಕೊಂಡು ಬಂದ ಕತೆ ಅದು. ಹುರ್ರ್ ಯಜೀದನ ಕಡೆಯ ದಂಡಿನ ನಾಯಕ. ಇಮಾಂ ಹುಸೇನರ ದಾರಿಗೆ ಮೊದಲು ಅಡ್ಡ ನಿಂತವನೇ ಅವನು. ಕೊನೆಯ ಗಳಿಗೆಯಲ್ಲಿ ತಪ್ಪು ತಿಳಿದು, ಸಾವು ಖಚಿತವಾಗಿದ್ದ ಕಡೆಗೆ ನಡೆದುಬಂದು ಪ್ರಾಣ ಕೊಟ್ಟ.

ಹುರ್ರ್‌ನನ್ನು ಎಲ್ಲರೂ ನೆನೆಯುತ್ತಾರೆ. ಅದೇ ದಂಡಿನ ಸೇನಾಪತಿ ಉಮರ್ ಬಿನ್ ಸಅದ್ ಬಗ್ಗೆ ಕತೆಗಾರರಾದ ನಮಗೆ ಹೆಚ್ಚಿನ ಕುತೂಹಲ. ಪ್ರವಾದಿಯವರ ಆಪ್ತ ಸಂಗಾತಿಯೊಬ್ಬರ ಮಗ ಆತ. ಹುಸೇನರ ಮೇಲೆ ಏರಿಹೋಗಲು ಅವನಿಗೆ ಮನಸ್ಸಿರಲಿಲ್ಲ. ಹೋಗದಿದ್ದರೆ ಅವನಿಗೆ ಸಿಗಬೇಕಿದ್ದ ರಯ್ ಪ್ರಾಂತ್ಯದ ಅಧಿಕಾರ ಕೈತಪ್ಪುತ್ತಿತ್ತು. ಒಂದು ರಾತ್ರಿ ಕಾಲಾವಕಾಶ ಕೇಳಿ ಯೋಚಿಸಿದ, ಬೆಳಗಾದಾಗ ಹೊರಟ. ಇವನು ರಾಕ್ಷಸನಲ್ಲ, ನಮ್ಮಂತೆ ಸಂಸಾರಿ. ತನಗೆ ಬೇರೆ ದಾರಿ ಇರಲಿಲ್ಲ, ಆಜ್ಞೆಯಿತ್ತು, ಕಾಲವೇ ಹಾಗಿತ್ತು ಎಂದು ಅವನು ನಾಳೆ ಹೇಳಬಹುದಿತ್ತು. ಹುರ್ರ್ ಕುದುರೆ ತಿರುಗಿಸಿದ ಮೇಲೆ ಆ ಮಾತು ಹೇಳುವಂತಿಲ್ಲ. ಅದೇ ದಂಡು, ಅದೇ ಆಜ್ಞೆ, ಅದೇ ಬೆಳಿಗ್ಗೆ. ದಾರಿ ಇತ್ತು.

ಕರ್ಬಲಾವನ್ನು ನಾಟಕವೆಂದಾಗಲೀ ಪುರಾಣವೆಂದಾಗಲೀ ನಾವು ಹೇಳುತ್ತಿಲ್ಲ. ಮನುಷ್ಯನ ಸ್ವಭಾವ ಬಯಲಾಗುವ ರೀತಿ ಎರಡು ಕಡೆಯೂ ಒಂದೇ ಎಂದಷ್ಟೇ ಹೇಳುತ್ತಿದ್ದೇವೆ. ತಕ್ದೀರನ್ನು ನಂಬುವ ನಮ್ಮವರಲ್ಲಿ ಕೆಲವರಿಗೆ ಈ ವಾದ ಅಷ್ಟು ರುಚಿಸದು. ಅವರಿಗೆ ಖಲೀಫಾ ಉಮರ್ ಅವರ ಕಾಲದ ಪ್ರಸಂಗವೊಂದನ್ನು ನೆನಪಿಸಬೇಕು. ಸಿರಿಯಾದಲ್ಲಿ ಪ್ಲೇಗು ಹಬ್ಬಿದೆಯೆಂದು ತಿಳಿದು ಅವರು ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಸೇನಾನಿ ಅಬೂ ಉಬೈದಾ ಕೇಳಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇನೆ ಎಂಬರ್ಥದಲ್ಲಿ ಉಮರ್ ಉತ್ತರಿಸಿದರು. ಕಣಿವೆಯ ಒಂದು ಮಗ್ಗುಲಲ್ಲಿ ಹಸಿರು, ಇನ್ನೊಂದರಲ್ಲಿ ಒಣನೆಲ ಇದ್ದರೆ ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ ಅಲ್ಲವೇ ಎಂದರಂತೆ. ಎರಡೂ ಮಗ್ಗುಲು ವಿಧಿಯದೇ ಇರಬಹುದು. ಒಂಟೆಗಳನ್ನು ಹೊಡೆದುಕೊಂಡು ಹೋಗುವ ಕೋಲು ಮಾತ್ರ ಕಾಯುವವನ ಕೈಯಲ್ಲಿದೆ.

ಕನ್ನಡದ ದುರಂತ ನಾಟಕವೊಂದರಲ್ಲಿ ಇದನ್ನು ಅತ್ಯಂತ ನಿರ್ದಯವಾಗಿ ಮಾಡಿರುವುದು ಗಿರೀಶ್ ಕಾರ್ನಾಡರ 'ತುಘಲಕ್'. 1964ರಲ್ಲಿ ಪ್ರಕಟವಾದ ಈ ನಾಟಕವನ್ನು ನೆಹರೂ ಯುಗದ ಭ್ರಮನಿರಸನವೆಂದು ಬಹಳ ಜನ ಓದಿದ್ದಾರೆ, ಅದು ಸರಿಯೇ. ಕನ್ನಡ ರಂಗಭೂಮಿಯಲ್ಲಿ ಆ ಸುಲ್ತಾನನಾಗಿ ಹೆಸರಾದವರು ಚನ್ನಪಟ್ಟಣವನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತಿದ್ದ ಸಿ.ಆರ್. ಸಿಂಹ ಎಂಬುದು ನಮ್ಮ ಸೀಮೆಯವರಿಗೆ ಹೆಮ್ಮೆ. ಆ ನಾಟಕದಲ್ಲಿ ಶೇಖ್ ಇಮಾಮುದ್ದೀನ್ ಎಂಬ ಸಂತ ಬರುತ್ತಾನೆ. ನೋಡಲು ಸುಲ್ತಾನನಂತೆಯೇ ಇದ್ದಾನೆ. ನಾಟಕಕಾರ ಪಕ್ಕದ ಪಾತ್ರಕ್ಕೆ ನಾಯಕನ ಮುಖವನ್ನೇ ಕೊಟ್ಟುಬಿಟ್ಟಿದ್ದಾನೆ! ಇಬ್ಬರೂ ಮಾತುಗಾರರು, ಇಬ್ಬರೂ ದೀನನ್ನು ಓದಿದವರು. ಇಮಾಮುದ್ದೀನ್ ತನಗೆ ಕಂಡ ಸತ್ಯವನ್ನು ಸುಲ್ತಾನನ ಎದುರಿಗೇ ಆಡುತ್ತಾನೆ. ಸುಲ್ತಾನ ಅವನಿಗೆ ರಾಜವಸ್ತ್ರ ತೊಡಿಸಿ, ಶಾಂತಿದೂತನೆಂದು ನಂಬಿಸಿ, ದಂಡೆತ್ತಿ ಬಂದ ಐನ್-ಉಲ್-ಮುಲ್ಕ್‌ನ ಎದುರಿಗೆ ಕಳಿಸುತ್ತಾನೆ. ಸುಲ್ತಾನನೆಂದೇ ತಿಳಿದು ಅವನನ್ನು ಕೊಲ್ಲುತ್ತಾರೆ. ತಾನು ಆಗಬಹುದಾಗಿದ್ದ ಇನ್ನೊಬ್ಬನನ್ನು ತುಘಲಕ್ ಹೀಗೆ ತನ್ನದೇ ಬಟ್ಟೆ ತೊಡಿಸಿ ಕೊಂದ.

ಉಳಿಯುವವನು ಅಜೀಜ್. ಮುಸಲ್ಮಾನ ಅಗಸ. ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಗೆದ್ದವನು, ಖೋಟಾ ನಾಣ್ಯ ಹೊಡೆದವನು, ಕೊನೆಗೆ ಖಲೀಫರ ವಂಶಸ್ಥನನ್ನು ಕೊಂದು ಅವನ ವೇಷದಲ್ಲಿ ದೌಲತಾಬಾದಿಗೆ ಬಂದವನು. ಸಿಕ್ಕಿಬಿದ್ದಾಗ ತಾನು ಸುಲ್ತಾನರ ನಿಜವಾದ ಶಿಷ್ಯನೆಂದು ವಾದಿಸುತ್ತಾನೆ. ಸುಲ್ತಾನನಿಗೆ ಅವನನ್ನು ಶಿಕ್ಷಿಸಲು ಆಗುವುದಿಲ್ಲ, ದಖ್ಖನಿನಲ್ಲಿ ಸೈನ್ಯದ ಹುದ್ದೆ ಕೊಡುತ್ತಾನೆ. ಆದರ್ಶದ ಮಾತನ್ನು ತೆಗೆದುಹಾಕಿದರೆ ತನ್ನ ಆಳ್ವಿಕೆಯಲ್ಲಿ ಉಳಿಯುವುದು ಏನು ಎಂಬುದನ್ನು ಆ ಅಗಸ ಒಗೆದು ಹರವಿ ತೋರಿಸಿದ್ದ. ಕೊನೆಗೆ ಚರಿತ್ರೆಕಾರ ಬರನಿಯೂ ಹೊರಡುತ್ತಾನೆ. ಸಂತನನ್ನು ಕೊಂದಾಯಿತು, ಪಂಡಿತ ಬಿಟ್ಟುಹೋದ, ಕಳ್ಳ ಅಧಿಕಾರಿಯಾದ. ಸುಲ್ತಾನನ ಸ್ವಭಾವವನ್ನು ಹೇಳಲು ಇನ್ನು ಯಾವ ಸ್ವಗತ ಬೇಕು?

ಇಲ್ಲಿಗೆ ನಿಲ್ಲಿಸಿದರೆ ಇದು ಸಾಹಿತ್ಯದ ಮಾತಾಗಿ ಚಂದವಾಗಿರುತ್ತಿತ್ತು. ಆದರೆ ಇದನ್ನು ಬರೆಯಲು ಕೂರಿಸಿದ ಸಂಗತಿ ಬೇರೆ ಇದೆ.

ಕೆಲವು ವರ್ಷಗಳ ಹಿಂದಿನ ಮಾತು. ಹೊಂಗನೂರಲ್ಲ, ಬೇರೊಂದು ಊರು, ಹೆಸರು ಬೇಡ. ಅಲ್ಲಿ ಜಾತ್ರೆಗೆ ಕುರುಕ್ಷೇತ್ರ ಆಡುವುದೆಂದು ತಾಲೀಮು ನಡೆದಿತ್ತು. ಹಾರ್ಮೋನಿಯಂ ಮೇಷ್ಟ್ರು ನಮ್ಮವರು, ವಯಸ್ಸಾದ ಸಾಬರು. ಐದು ಹೊತ್ತಿನ ನಮಾಜು ಬಿಟ್ಟವರಲ್ಲ, ಕೃಷ್ಣನ ಹಾಡಿನ ಶ್ರುತಿ ತಪ್ಪಲು ಬಿಟ್ಟವರೂ ಅಲ್ಲ. ಆ ಸುತ್ತಿನ ಎಷ್ಟೋ ದುರ್ಯೋಧನರಿಗೆ ಗದೆ ಹಿಡಿಯುವುದನ್ನು ಹೇಳಿಕೊಟ್ಟವರು. ನಮ್ಮನ್ನು ಆ ದಿನ ಅತಿಥಿಯಾಗಿ ಕರೆದಿದ್ದರು, ಕತೆ ಬರೆಯುವವರು ಎಂಬ ಗೌರವಕ್ಕೆ. ತಾಲೀಮಿನ ನಡುವೆ ನಾಲ್ಕೈದು ಹುಡುಗರು ಬಂದು ದೇವಸ್ಥಾನದ ಮುಂದಿನ ನಾಟಕಕ್ಕೆ ಈ ಸಲ ಬೇರೆ ಮೇಷ್ಟ್ರು ಬರಲಿ ಎಂದರು. ಕೂಗಾಡಲಿಲ್ಲ, ನಗುನಗುತ್ತಲೇ ಹೇಳಿದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾವೂ ನೆಲ ನೋಡಿದೆವು. ಬಾಯಿ ಬಿಟ್ಟರೆ ಮಾತು ಬೆಳೆದೀತು, ಮೇಷ್ಟ್ರಿಗೇ ತೊಂದರೆಯಾದೀತು, ನಾವಾದರೂ ಸಂಜೆ ಹೊರಟು ಹೋಗುವವರು, ಅವರು ಇಲ್ಲೇ ಬಾಳಬೇಕಾದವರು - ಹೀಗೆಲ್ಲ ಒಳಗೇ ಲೆಕ್ಕ ಹಾಕಿದೆವು. ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ.

ಆಗ ಸಾತ್ಯಕಿ ಪಾತ್ರಕ್ಕೆ ಹಣ ಕಟ್ಟಿದ್ದವನೊಬ್ಬ ಎದ್ದ. ಎಳನೀರು ವ್ಯಾಪಾರದವನು, ಹೆಚ್ಚು ಓದಿದವನಲ್ಲ. "ಮೇಷ್ಟ್ರು ಇಲ್ದಿದ್ರೆ ನಾನ್ ಬಣ್ಣ ಬಳ್ಕೊಳಕ್ಕಿಲ್ಲ" ಎಂದ. ಅಷ್ಟೇ ಮಾತು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನ ಹಿಂದೆ ಯಾರೂ ಹೋಗಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ, ಜಗಳ ಬೇಡ ಎಂದು ತಾವೇ ಎದ್ದರು. ದಾರಿಯಲ್ಲಿ ನಮಗೆ ಸಮಾಧಾನ ಹೇಳಿದವರೂ ಅವರೇ: "ಜಾನೇ ದೋ ಬೇಟಾ, ನಸೀಬ್ ಕಿ ಬಾತ್ ಹೈ." ನಾಟಕ ಬೇರೆ ಮೇಷ್ಟ್ರು, ಬೇರೆ ಸಾತ್ಯಕಿಯೊಂದಿಗೆ ನಡೆಯಿತು. ಚೆನ್ನಾಗಿಯೇ ನಡೆಯಿತಂತೆ.

ಆ ಎಳನೀರಿನವನು ಎದ್ದು ನಿಲ್ಲದಿದ್ದರೆ ನಮ್ಮ ಲೆಕ್ಕ ಇವತ್ತಿಗೂ ಸರಿಯಾಗಿಯೇ ಇರುತ್ತಿತ್ತು. ಸನ್ನಿವೇಶವೇ ಹಾಗಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ನಾವೊಂದು ಕತೆಯನ್ನೂ ಬರೆಯಬಹುದಿತ್ತು. ಬರೆಯಲು ಕುಳಿತದ್ದೂ ಉಂಟು. ಪ್ರತಿ ಸಲವೂ ಅವನು ನಡುವೆ ಎದ್ದು ನಿಲ್ಲುತ್ತಾನೆ, ಕತೆ ಅಲ್ಲಿಗೇ ನಿಲ್ಲುತ್ತದೆ. ಅವನನ್ನು ಬಿಟ್ಟು ಬರೆದರೆ ಸುಳ್ಳು. ಸೇರಿಸಿದರೆ ಅದು ಮೇಷ್ಟ್ರ ಕತೆಯಾಗಿ ಉಳಿಯದೆ ನೆಲ ನೋಡಿದವರ ಕತೆಯಾಗುತ್ತದೆ.

ಇಲ್ಲಿ ನಮ್ಮದೇ ವಾದಕ್ಕೆ ನಾವೇ ಒಂದು ತಕರಾರು ಹಾಕಬೇಕು. ಇನ್ನೊಬ್ಬನ ಗುಣ ಹೊಳೆಯಲೆಂದೋ ಮಾಸಲೆಂದೋ ಒಬ್ಬ ಮನುಷ್ಯನನ್ನು ಅಡಿಯ ಹಾಳೆಯಾಗಿ ಇಡುವುದು ಸರಿಯೇ? ನಾಟಕಕಾರನಿಗೆ ಅದು ಸಲ್ಲಬಹುದು. ಸಮಾಜದಲ್ಲಿ ಇದರ ರುಚಿ ನಮಗೆ ಚೆನ್ನಾಗಿ ಗೊತ್ತು. ಶಿಶುನಾಳ ಷರೀಫರನ್ನೂ ಅಬ್ದುಲ್ ಕಲಾಂ ಅವರನ್ನೂ ಎಷ್ಟು ಸಲ ನಮ್ಮ ಮುಂದೆ ತಂದು ನಿಲ್ಲಿಸಿಲ್ಲ? ಅವರ ಮೇಲಿನ ಪ್ರೀತಿಗಿಂತ, ನೀವು ಯಾಕೆ ಹಾಗಿಲ್ಲ ಎಂದು ಕೇಳುವುದಕ್ಕೇ ಅವರ ಹೆಸರು ಹೆಚ್ಚು ಬಳಕೆಯಾಗುತ್ತದೆ. 'ನೀವು ಆ ಸಾಬರ ಹಾಗಲ್ಲ ಬಿಡಿ' ಎಂದು ಒಳ್ಳೆಯ ಮನಸ್ಸಿನಿಂದಲೇ ಬೆನ್ನು ತಟ್ಟುವವರೂ ಇದ್ದಾರೆ. ಆ ಮಾತಿನಲ್ಲಿ ನಾವು ಡಾಂಕ್ ಆಗಿಬಿಟ್ಟಿರುತ್ತೇವೆ, ಕಾಣದ ಇನ್ನೊಬ್ಬನನ್ನು ಕಪ್ಪಾಗಿಸುವ ಹಾಳೆ. ನಾವೂ ಅದನ್ನೇ ಮಾಡುತ್ತೇವೆ. ಒಳ್ಳೆಯ ಹಿಂದೂ ಗೆಳೆಯನೊಬ್ಬನ ಹೆಸರು ಹೇಳಿ ಉಳಿದವರನ್ನು ಅಳೆಯುತ್ತೇವೆ.

ಎರಡಕ್ಕೂ ವ್ಯತ್ಯಾಸವಿದೆ ಎಂದು ನಮಗೆ ಕಾಣುತ್ತದೆ. ಪಕ್ಕದವನನ್ನು ತೋರಿಸಿ ಇನ್ನೊಬ್ಬನನ್ನು ತೂಗಿದರೆ ಅದು ಅನ್ಯಾಯ. ಅವನನ್ನು ನೋಡಿ ನಮ್ಮನ್ನು ನಾವು ತೂಗಿಕೊಂಡರೆ ಅದು ಬೇರೆ. ಆಗಲೂ ಅವನು ನಮ್ಮ ಕನ್ನಡಿಯಾಗಲೆಂದು ಹುಟ್ಟಿದವನಲ್ಲ ಎಂಬುದನ್ನು ಮರೆಯುವಂತಿಲ್ಲ. ಯುದ್ಧದಲ್ಲಿ ಕುರುಕುಲವೆಲ್ಲ ಸತ್ತ ಮೇಲೆ ಯುಯುತ್ಸು ಬದುಕಿ ಉಳಿದ. ಪಾಂಡವರು ಎಲ್ಲವನ್ನೂ ಬಿಟ್ಟು ಹೊರಟಾಗ ಪರೀಕ್ಷಿತನ ರಾಜ್ಯವನ್ನು ನೋಡಿಕೊಳ್ಳುವ ಹೊಣೆ ಹೊತ್ತವನೂ ಅವನೇ. ಅಣ್ಣತಮ್ಮಂದಿರನ್ನು ಕೊಂದವರ ಮನೆಯಲ್ಲಿ, ಅವರನ್ನು ಬಿಟ್ಟುಬಂದವನಾಗಿ ಅಷ್ಟು ವರ್ಷ ಹೇಗೆ ಉಂಡ, ಹೇಗೆ ಮಲಗಿದ? ಅವನಿಗಾಗಿ ರಾತ್ರಿಯಿಡೀ ನಡೆಯುವ ನಾಟಕ ನಮ್ಮ ಸೀಮೆಯಲ್ಲಿ ಇಲ್ಲ.

ಹೊಂಗನೂರಿನ ನಾಟಕ ನೋಡಿ ಬಂದ ಕೆಲವು ದಿನಗಳಿಗೆ ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರ ಅವನು ಸಿಕ್ಕ, ಸಾತ್ಯಕಿ. ಗಾಡಿಯಲ್ಲಿ ಎಳನೀರು. ನಮ್ಮನ್ನು ಅವನೇ ಗುರುತಿಸಿ, ಕಾಯಿ ಕೊಚ್ಚಿ ಕೈಗೆ ಕೊಟ್ಟ. ಆ ದಿನದ ಮಾತನ್ನು ಹೇಗೆ ತೆಗೆಯುವುದೆಂದು ನಾವು ತಡಕಾಡುತ್ತಿದ್ದೆವು. ಅವನಿಗೆ ಅದರ ಯೋಚನೆ ಇದ್ದಂತಿರಲಿಲ್ಲ. ಕಟ್ಟಿದ ಹಣ ವಾಪಸು ಬರಲಿಲ್ಲವೆಂದು ಮಾತಿನ ನಡುವೆ ಹೇಳಿ ನಕ್ಕ. ಮತ್ತೆ ಕತ್ತಿ ಒರೆಸುತ್ತಾ ಕೇಳಿದ:

"ಮೇಷ್ಟ್ರು ಪೆಟ್ಟಿಗೆ ಮಾರ್‌ಬುಟ್ರಂತೆ, ದಿಟವಾ ಸಾ?"

ನಮಗೆ ಗೊತ್ತಿರಲಿಲ್ಲ. ಆ ಸಂಜೆಯ ನಂತರ ನಾವು ಅವರ ಮನೆ ಕಡೆಗೆ ಹೋಗಿರಲಿಲ್ಲ.